ಜೀಪಿನ ಮೈಕಟ್ಟು, ಕಾರಿನ ಅಸ್ಥಿಪಂಜರ



ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಬಸ್ಸನ್ನು ಹತ್ತಿ, ಕಿಟಕಿಯ ಪಕ್ಕ ಕುಳಿತು ಒಂದು ಕೆಲಸ ಮಾಡಿ. ತಳಕು, ಬಿ.ಜಿ. ಕೆರೆ, ರಾಂಪುರ ದಾಟುವವರೆಗೆ ಎದುರಿಗೆ ಬರುವ ಕಾರುಗಳನ್ನು ಎಣಿಸುತ್ತಾ ಹೋಗಿ. ನಿಮ್ಮ ತಂದೆಯವರು ಇದೇ ವಯಸ್ಸಿನಲ್ಲಿ ಇದೇ ಲೆಕ್ಕ ಮಾಡಿದ್ದರೆ ಅವರಿಗೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800 ಮತ್ತು ಎಲ್ಲೋ ಒಂದೊಂದು ಮಹೀಂದ್ರಾ ಜೀಪು ಸಿಗುತ್ತಿದ್ದವು. ನಿಮಗೆ ಹೆಚ್ಚಾಗಿ ಸಿಗುವುದು ಮತ್ತೊಂದು ಬಗೆಯ ವಾಹನ. ನೆಲದಿಂದ ಸ್ವಲ್ಪ ಎತ್ತರಕ್ಕೆ ನಿಂತಿರುತ್ತದೆ; ಮೂತಿ ದಪ್ಪಗಿರುತ್ತದೆ; ಚಾವಣಿಯ ಮೇಲೆ ಎರಡು ಕಂಬಿಗಳಿರುತ್ತವೆ. ನೋಡಿದರೆ ಜೀಪಿನ ಗತ್ತು, ಕುಳಿತರೆ ಕಾರಿನ ಮೆತ್ತೆ. ಇದನ್ನೇ ಕಂಪನಿಗಳು ಕಾಂಪ್ಯಾಕ್ಟ್ ಎಸ್‌ಯುವಿ ಎಂದೂ, ಎಂಜಿನಿಯರುಗಳು ಕ್ರಾಸ್‌ಓವರ್ ಎಂದೂ ಕರೆಯುತ್ತಾರೆ.

ಈ ವಿಷಯ ನಿಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂತಹ ಒಂದು ವಾಹನ ಕೊಳ್ಳುವ ಮಾತು ನಡೆದಿರಬಹುದು. ಎಣ್ಣೆ ಮಿಲ್ಲಿನ ಲಾಭವೋ, ರೇಷ್ಮೆ ಸೀರೆಯ ವ್ಯಾಪಾರವೋ, ಮಗನ ಬೆಂಗಳೂರಿನ ಸಂಬಳವೋ ಅದಕ್ಕೆ ಆಧಾರವಾಗಿರಬಹುದು. ಮಾರಾಟಗಾರರು ಕೊಡುವ ಬಣ್ಣದ ಪುಸ್ತಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಆಗ ಮನೆಯ ಹಿರಿಯರು ಅದನ್ನು ನಿಮ್ಮ ಕೈಗೆ ಕೊಟ್ಟು, "ಇದರಲ್ಲಿ ಏನೇನಿದೆ ನೋಡಪ್ಪ, ನೋಡಮ್ಮ" ಎನ್ನುತ್ತಾರೆ. ಹತ್ತು ಹನ್ನೆರಡು ಲಕ್ಷ ರೂಪಾಯಿಯ ನಿರ್ಧಾರ, ಅದಕ್ಕಿಂತ ಹೆಚ್ಚಾಗಿ ಐದು ಜನರ ಪ್ರಾಣದ ನಿರ್ಧಾರ, ಓದಿದ ನಿಮ್ಮ ಮಾತಿನ ಮೇಲೆ ನಿಲ್ಲುತ್ತದೆ. ಪುಸ್ತಿಕೆಯಲ್ಲಿರುವ ನೂರಾರು ಸೌಲಭ್ಯಗಳಲ್ಲಿ ಯಾವುದು ಜೀವ ಉಳಿಸುವುದು, ಯಾವುದು ಬರಿಯ ಅಲಂಕಾರ ಎಂಬುದನ್ನು ಬೇರ್ಪಡಿಸುವ ಶಕ್ತಿ ನಿಮಗೆ ಬರಲಿ ಎಂಬುದೇ ಈ ಲೇಖನದ ಉದ್ದೇಶ.

ಉದಾಹರಣೆಗೆ ಒಂದು ವಾಹನವನ್ನು ತೆಗೆದುಕೊಳ್ಳೋಣ. ಅದು ಕಿಯಾ ಕಂಪನಿಯ ಸೆಲ್ಟೋಸ್. ಇದನ್ನೇ ಕೊಳ್ಳಿ ಎಂಬ ಶಿಫಾರಸು ಇದಲ್ಲ, ಕೊಳ್ಳಬೇಡಿ ಎಂಬ ಮಾತೂ ಅಲ್ಲ. ಇದು ನಮಗೆ ಹತ್ತಿರದಲ್ಲಿಯೇ ತಯಾರಾಗುತ್ತದೆ. ಹುಟ್ಟಿದಾಗಿನಿಂದ ಇದರಲ್ಲಿ ಆದ ಬದಲಾವಣೆಗಳು ಎಲ್ಲರಿಗೂ ತಿಳಿದಿವೆ. ಹೀಗಾಗಿ ಪಾಠಕ್ಕೆ ಅನುಕೂಲ.

ನೆರೆಯ ಬಯಲಿನಲ್ಲಿ ಹುಟ್ಟಿದ ವಾಹನ

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲೂಕುಗಳ ಪೂರ್ವಕ್ಕೆ ಆಂಧ್ರಪ್ರದೇಶದ ಗಡಿ. ಗಡಿಯಾಚೆಗೂ ಇದೇ ಕೆಂಪು ನೆಲ, ಇದೇ ಕಡಲೆಕಾಯಿ, ಇದೇ ಮಳೆಯ ಕೊರತೆ. ಚಳ್ಳಕೆರೆಯಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರು ಪೂರ್ವಕ್ಕೆ ಹೋದರೆ ಪೆನುಕೊಂಡ ಸಿಗುತ್ತದೆ. ವಿಜಯನಗರದ ಅರಸರು ತಾಳೀಕೋಟೆಯ ಯುದ್ಧದ ಅನಂತರ ರಾಜಧಾನಿಯಾಗಿ ಮಾಡಿಕೊಂಡ ಊರು ಅದು. 2017ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯದ ಕಿಯಾ ಕಂಪನಿ ಅಲ್ಲಿ ಕಾರ್ಖಾನೆ ಕಟ್ಟಲು ಆಂಧ್ರ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಆಗ ಪೆನುಕೊಂಡ ಅನಂತಪುರ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್‌ನಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅದೇ ಜಿಲ್ಲೆಯ ಮಡಕಶಿರಾ ಕಡೆಗೆ ಹೋದರೆ ಕನ್ನಡ ಮಾತನಾಡುವ ಹಳ್ಳಿಗಳು ಇಂದಿಗೂ ಸಿಗುತ್ತವೆ.

ಸುಮಾರು 536 ಎಕರೆ ನೆಲದಲ್ಲಿ, ವರ್ಷಕ್ಕೆ 3 ಲಕ್ಷ ವಾಹನ ತಯಾರಿಸುವ ಸಾಮರ್ಥ್ಯದ ಕಾರ್ಖಾನೆ ಎದ್ದಿತು. ಕಾರ್ಖಾನೆಗೆ ನೆಲವೊಂದೇ ಸಾಲದು, ನೀರು ಬೇಕು. ಹಂದ್ರಿ-ನೀವಾ ಯೋಜನೆಯ ಮೂಲಕ ಕೃಷ್ಣಾ ನದಿಯ ನೀರು ಪೆನುಕೊಂಡದ ಬಳಿಯ ಗೊಲ್ಲಪಲ್ಲಿ ಜಲಾಶಯಕ್ಕೆ ಹರಿದು ಬಂದದ್ದರಿಂದಲೇ ಆ ಒಣ ಬಯಲಿಗೆ ಕಾರ್ಖಾನೆ ಬರಲು ಸಾಧ್ಯವಾಯಿತು. ಭದ್ರಾ ಮೇಲ್ದಂಡೆಯ ನೀರಿಗೆ ಕಾದಿರುವ ನಮ್ಮ ತಾಲೂಕುಗಳ ವಿದ್ಯಾರ್ಥಿಗಳು ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಆ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂದ ಮೊದಲ ವಾಹನವೇ ಸೆಲ್ಟೋಸ್. 2019ರ ಜೂನ್ 20ರಂದು ಅದನ್ನು ಜಗತ್ತಿಗೆ ತೋರಿಸಲಾಯಿತು. ಆಗಸ್ಟ್ 22ರಂದು ಮಾರಾಟ ಆರಂಭವಾಯಿತು. ಗ್ರೀಕ್ ಪುರಾಣದ ಹರ್ಕ್ಯುಲಿಸ್‌ನ ಮಗ ಸೆಲ್ಟಸ್‌ನಿಂದ ಈ ಹೆಸರು ಬಂದಿದೆಯೆಂದು ಕಂಪನಿ ಹೇಳುತ್ತದೆ. ಈ ಕಂಪನಿ 1944ರಲ್ಲಿ ಆರಂಭವಾದದ್ದು ಸೈಕಲ್ಲಿನ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯಾಗಿ ಎಂಬುದೂ ಗಮನಿಸತಕ್ಕ ಮಾತು.

ಎಸ್‌ಯುವಿ ಎಂದರೇನು, ಕ್ರಾಸ್‌ಓವರ್ ಎಂದರೇನು?

ಹಳೆಯ ಜೀಪನ್ನು ಕಟ್ಟುವ ಕ್ರಮವೇ ಬೇರೆ. ಮೊದಲು ಏಣಿಯ ಆಕಾರದ ಉಕ್ಕಿನ ಚೌಕಟ್ಟು. ಅದರ ಮೇಲೆ ಎಂಜಿನ್ನು, ಚಕ್ರ, ಅಚ್ಚು. ಕೊನೆಗೆ ಒಂದು ಪೆಟ್ಟಿಗೆಯಂತೆ ಮೇಲ್ಮೈಯನ್ನು ತಂದು ಬೋಲ್ಟು ಹಾಕುತ್ತಾರೆ. ನಮ್ಮ ಎತ್ತಿನ ಗಾಡಿಯೂ ಹೀಗೆಯೇ ಅಲ್ಲವೇ? ಕೆಳಗೆ ಮೂಕಿಮರ ಮತ್ತು ಅಚ್ಚು, ಮೇಲೆ ಗೂಡು. ಇಂತಹ ವಾಹನ ಕಲ್ಲು ಹಳ್ಳಗಳನ್ನು ತಾಳಿಕೊಳ್ಳುತ್ತದೆ, ಭಾರ ಹೊರುತ್ತದೆ. ಆದರೆ ತೂಕ ಹೆಚ್ಚು, ಕುಲುಕಾಟ ಹೆಚ್ಚು, ಇಂಧನದ ಖರ್ಚೂ ಹೆಚ್ಚು.

ಕಾರನ್ನು ಕಟ್ಟುವುದು ಹಾಗಲ್ಲ. ಅದಕ್ಕೆ ಪ್ರತ್ಯೇಕ ಚೌಕಟ್ಟಿಲ್ಲ. ನೆಲ, ಕಂಬ, ಚಾವಣಿ ಎಲ್ಲವನ್ನೂ ಬೆಸೆದು ಒಂದೇ ಗೂಡಾಗಿ ಮಾಡುತ್ತಾರೆ. ಮೊಟ್ಟೆಯ ಚಿಪ್ಪಿನಂತೆ ಇಡೀ ಮೈಯೇ ಅದರ ಬಲ. ಹಗುರ, ಸ್ಥಿರ, ಮಿತವ್ಯಯಿ. ಈ ಕಾರಿನ ಗೂಡನ್ನೇ ಇಟ್ಟುಕೊಂಡು ಅದನ್ನು ಸ್ವಲ್ಪ ಎತ್ತರಿಸಿ, ಜೀಪಿನ ಮುಖ ಕೊಟ್ಟರೆ ಅದೇ ಕ್ರಾಸ್‌ಓವರ್. 1994ರಲ್ಲಿ ಬಂದ ಟೊಯೋಟಾ ಆರ್‌ಎವಿ4 ಈ ಬಗೆಯ ವಾಹನಗಳ ಮೊದಲಿಗರಲ್ಲಿ ಒಂದು ಎಂದು ಹೇಳುತ್ತಾರೆ. ಸೆಲ್ಟೋಸ್ ಕೂಡ ಇದೇ ಕುಲಕ್ಕೆ ಸೇರಿದ್ದು.

ಹೀಗಾಗಿ ಜಾಹೀರಾತಿನಲ್ಲಿ ಆ ವಾಹನ ಬೆಟ್ಟವೇರುವುದನ್ನು ಕಂಡು ಮೋಸಹೋಗಬೇಡಿ. ಜೀಪಿನಲ್ಲಿ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ವ್ಯವಸ್ಥೆ ಇರುತ್ತದೆ. ಭಾರತದಲ್ಲಿ ಮಾರುವ ಸೆಲ್ಟೋಸ್‌ನಲ್ಲಿ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಹಿಂದಿನವು ಸುಮ್ಮನೆ ಉರುಳುತ್ತವೆ. ವೇದಾವತಿಯ ಒಣ ಮರಳಿನಲ್ಲಿ ಇಳಿಸಿದರೆ ಅದು ಹೂತುಕೊಳ್ಳುವುದು ಯಾವ ಸಾಧಾರಣ ಕಾರಿನಂತೆಯೇ. ಆದರೆ ಹಳ್ಳಿಯ ರಸ್ತೆಯ ಉಬ್ಬು ತಗ್ಗುಗಳಲ್ಲಿ ಅದರ ಹೊಟ್ಟೆ ನೆಲಕ್ಕೆ ತಗುಲುವುದು ಕಡಿಮೆ. ಅಷ್ಟು ಪ್ರಯೋಜನ ನಿಜ.

ಎತ್ತರಕ್ಕೆ ಒಂದು ಬೆಲೆಯೂ ಇದೆ. ಭೌತಶಾಸ್ತ್ರದ ಪಾಠದಲ್ಲಿ ಗುರುತ್ವ ಕೇಂದ್ರದ ಬಗ್ಗೆ ಓದಿದ್ದೀರಿ. ವಸ್ತು ಎತ್ತರವಾದಷ್ಟೂ ಅದರ ಗುರುತ್ವ ಕೇಂದ್ರ ಮೇಲೇರುತ್ತದೆ. ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ. ಹುಲ್ಲು ಒಟ್ಟಿದ ಗಾಡಿ ಓರೆ ನೆಲದಲ್ಲಿ ಹೇಗೆ ವಾಲುತ್ತದೆ ಎಂದು ನೀವು ನೋಡಿದ್ದೀರಿ. ಎತ್ತರದ ವಾಹನವನ್ನು ತಗ್ಗು ಕಾರಿನಂತೆ ತಿರುಗಿಸಬಾರದು.

ನಾಲ್ಕು ಮೀಟರಿನ ಗೆರೆ

ನಮ್ಮ ದೇಶದಲ್ಲಿ ಈ ವಾಹನಗಳ ಆಕಾರವನ್ನು ಎಂಜಿನಿಯರುಗಳಷ್ಟೇ ಅಲ್ಲ, ತೆರಿಗೆಯ ಕಾನೂನೂ ರೂಪಿಸಿದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಿದರು. ಸಣ್ಣದು ಎಂದರೆ ಯಾವುದು? ಉದ್ದ 4,000 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಪೆಟ್ರೋಲ್ ಎಂಜಿನ್ 1,200 ಸಿ.ಸಿ., ಡೀಸೆಲ್ ಎಂಜಿನ್ 1,500 ಸಿ.ಸಿ. ಮೀರಬಾರದು. ಈ ಗೆರೆಯೊಳಗೆ ನಿಲ್ಲಬೇಕೆಂದೇ ಹಲವು ಕಂಪನಿಗಳು ಡಿಕ್ಕಿಯನ್ನು ಕತ್ತರಿಸಿದಂತೆ ಕಾಣುವ ಕಾರುಗಳನ್ನು ಮಾಡಿದವು. 2013ರ ಫೋರ್ಡ್ ಇಕೋಸ್ಪೋರ್ಟ್, 2016ರ ಮಾರುತಿ ವಿಟಾರಾ ಬ್ರೆಜ್ಜಾ, 2020ರ ಕಿಯಾ ಸೋನೆಟ್ ಎಲ್ಲವೂ ನಾಲ್ಕು ಮೀಟರಿನೊಳಗಿನವು.

ಸೆಲ್ಟೋಸ್ ಈ ಗೆರೆಯ ಆಚೆಗೆ ನಿಂತ ವಾಹನ. 2019ರಲ್ಲಿ ಅದರ ಉದ್ದ 4,315 ಮಿ.ಮೀ. ಆದ್ದರಿಂದ ಅದರ ಮೇಲೆ ಶೇಕಡ 28 ಜಿ.ಎಸ್‌.ಟಿ., ಜೊತೆಗೆ ಶೇಕಡ 17 ಪರಿಹಾರ ಸೆಸ್, ಒಟ್ಟು ಶೇಕಡ 45 ತೆರಿಗೆ ಬೀಳುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಈ ಲೆಕ್ಕ ಬದಲಾಗಿದೆ. ಸಣ್ಣ ಕಾರಿಗೆ ಶೇಕಡ 18, ಅದಕ್ಕಿಂತ ದೊಡ್ಡದಕ್ಕೆ ಶೇಕಡ 40. ಎರಡರ ನಡುವಿನ ಅಂತರವನ್ನು ಗಮನಿಸಿ. ಮೇಲ್ನೋಟಕ್ಕೆ ಒಂದೇ ತರಹ ಕಾಣುವ ಎರಡು ವಾಹನಗಳಿಗೆ ಬೆಲೆಯಲ್ಲಿ ಅಷ್ಟೊಂದು ವ್ಯತ್ಯಾಸ ಏಕೆ ಎಂದು ಮನೆಯಲ್ಲಿ ಕೇಳಿದರೆ, ಅಂಗೈಯಗಲದ ಉದ್ದವೂ ಅದಕ್ಕೆ ಕಾರಣವಾಗಬಹುದು ಎಂದು ನೀವು ವಿವರಿಸಬಹುದು.

ಪರಿಷ್ಕರಣೆಗಳ ಕಥೆ

ಪಠ್ಯಪುಸ್ತಕಕ್ಕೆ ಪರಿಷ್ಕೃತ ಮುದ್ರಣ ಬರುವಂತೆ ಕಾರಿಗೂ ಬರುತ್ತದೆ. ಕೆಲವು ಪರಿಷ್ಕರಣೆಗಳಲ್ಲಿ ಮುಖಪುಟ ಮಾತ್ರ ಬದಲಾಗುತ್ತದೆ. ಕೆಲವದರಲ್ಲಿ ಪಾಠವೇ ಬದಲಾಗುತ್ತದೆ. ಸೆಲ್ಟೋಸ್‌ನ ವಿಷಯದಲ್ಲಿ ಎರಡೂ ಆಗಿವೆ.

2019ರಲ್ಲಿ ಅದಕ್ಕೆ ಮೂರು ಎಂಜಿನ್ನುಗಳಿದ್ದವು. 115 ಅಶ್ವಶಕ್ತಿಯ ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್, ಅಷ್ಟೇ ಶಕ್ತಿಯ ಒಂದೂವರೆ ಲೀಟರಿನ ಡೀಸೆಲ್ ಎಂಜಿನ್, ಮತ್ತು 140 ಅಶ್ವಶಕ್ತಿಯ 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ಮೊದಲ ಎರಡಕ್ಕೆ ಅಶ್ವಶಕ್ತಿ ಒಂದೇ ಆದರೂ ತಿರುಚುಬಲ, ಅಂದರೆ ಟಾರ್ಕ್, ಬೇರೆ ಬೇರೆ. ಪೆಟ್ರೋಲಿನದು 144 ನ್ಯೂಟನ್ ಮೀಟರ್, ಡೀಸೆಲಿನದು 250. ಚಕ್ರವನ್ನು ತಿರುಗಿಸುವ ಬಲ ಹೆಚ್ಚಿದ್ದರೆ ಐದು ಜನ ಮತ್ತು ಮೂಟೆಗಳೊಡನೆ ದಿಬ್ಬ ಏರುವುದು ಸುಲಭ. ಟರ್ಬೊ ಎಂದರೆ ಹೊಗೆಯ ರಭಸದಿಂದಲೇ ಒಂದು ಸಣ್ಣ ಗಾಳಿಚಕ್ರವನ್ನು ತಿರುಗಿಸಿ, ಅದರಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತುವ ಉಪಕರಣ. ಕಮ್ಮಾರನ ತಿದಿ ಒತ್ತಿದಾಗ ಕುಲುಮೆ ಧಗಧಗಿಸುವುದಿಲ್ಲವೇ, ಹಾಗೆ.

2023ರ ಜುಲೈನಲ್ಲಿ ದೊಡ್ಡ ಪರಿಷ್ಕರಣೆ ಬಂತು. 1.4 ಲೀಟರಿನ ಎಂಜಿನ್ನಿನ ಬದಲಿಗೆ 160 ಅಶ್ವಶಕ್ತಿಯ ಒಂದೂವರೆ ಲೀಟರಿನ ಟರ್ಬೊ ಎಂಜಿನ್, ಚಾವಣಿಯ ಬಹುಭಾಗವನ್ನು ಆವರಿಸುವ ಗಾಜಿನ ಕಿಂಡಿ, ಅಗಲವಾದ ಪರದೆಗಳು, ಬೆರಳಿನಿಂದ ಒತ್ತುವ ಕೈಬ್ರೇಕು, ಮತ್ತು ಚಾಲಕನಿಗೆ ನೆರವಾಗುವ ರಾಡಾರ್ ಮತ್ತು ಕ್ಯಾಮೆರಾ ವ್ಯವಸ್ಥೆ ಸೇರಿದವು. ಇವುಗಳಲ್ಲಿ ಅನೇಕವು ಹೆಚ್ಚಿನ ಬೆಲೆಯ ಮಾದರಿಗಳಿಗೆ ಮಾತ್ರ. 2025ರ ಡಿಸೆಂಬರ್ 10ರಂದು ಎರಡನೆಯ ತಲೆಮಾರಿನ ಸೆಲ್ಟೋಸ್ ಅನ್ನು ತೋರಿಸಿದರು. 2026ರ ಜನವರಿಯಲ್ಲಿ ಮಾರಾಟಕ್ಕೆ ತಂದರು. ಉದ್ದ 4,460 ಮಿ.ಮೀ.ಗೆ ಏರಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2,610ರಿಂದ 2,690 ಮಿ.ಮೀ. ಆಯಿತು. ಇದು ಮುಖಪುಟದ ಬದಲಾವಣೆಯಲ್ಲ, ಗೂಡೇ ಹೊಸದು.

ನಕ್ಷತ್ರಗಳ ಪಾಠ

ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಬೇರೊಂದಿದೆ. ಅದಕ್ಕೆ ಹೊಳಪಿಲ್ಲವಾದ್ದರಿಂದ ಪುಸ್ತಿಕೆಯ ಮೊದಲ ಪುಟದಲ್ಲಿ ಅದು ಕಾಣುವುದು ಅಪರೂಪ.

ಗ್ಲೋಬಲ್ ಎನ್‌ಸಿಎಪಿ ಎಂಬ ಸಂಸ್ಥೆ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಒಂದು ತಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸುತ್ತದೆ. ಒಳಗೆ ಮನುಷ್ಯರ ಬದಲಿಗೆ ಅಳತೆಯ ಉಪಕರಣಗಳಿರುವ ಬೊಂಬೆಗಳು. 2020ರಲ್ಲಿ ಎರಡು ಗಾಳಿಚೀಲಗಳಿದ್ದ ಸೆಲ್ಟೋಸ್‌ಗೆ ಈ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದರಲ್ಲಿ 3 ನಕ್ಷತ್ರ, ಮಕ್ಕಳ ರಕ್ಷಣೆಗೆ 2 ನಕ್ಷತ್ರ ಸಿಕ್ಕವು. ಅದರ ಗೂಡು ಅಸ್ಥಿರವೆಂದು ವರದಿ ಹೇಳಿತು. ಆಗಲೂ ಆ ವಾಹನ ಭರ್ಜರಿಯಾಗಿ ಮಾರಾಟವಾಗುತ್ತಿತ್ತು. ನೋಡಲು ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಗಟ್ಟಿಯಾಗಿ ಕಾಣುವುದೂ ಗಟ್ಟಿಯಾಗಿರುವುದೂ ಒಂದೇ ಅಲ್ಲ ಎಂಬುದೇ ಇಲ್ಲಿಯ ಪಾಠ.

2022ರಲ್ಲಿ ಕಂಪನಿ ಎಲ್ಲ ಮಾದರಿಗಳಿಗೂ ಆರು ಗಾಳಿಚೀಲಗಳನ್ನು ಕೊಟ್ಟಿತು. 2023ರ ಪರಿಷ್ಕರಣೆಯಲ್ಲಿ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು, ಐವರಿಗೂ ಮೂರು ಬಿಂದುವಿನ ಬೆಲ್ಟು, ಜಾರುವಿಕೆಯನ್ನು ತಡೆಯುವ ಸ್ಥಿರತಾ ನಿಯಂತ್ರಣ ಎಲ್ಲವೂ ಕಡಿಮೆ ಬೆಲೆಯ ಮಾದರಿಗೂ ಬಂದವು. ಹಣವಂತನ ಪ್ರಾಣಕ್ಕೆ ಒಂದು ಬೆಲೆ, ಬಡವನ ಪ್ರಾಣಕ್ಕೆ ಇನ್ನೊಂದು ಬೆಲೆ ಎಂಬಂತಿದ್ದ ಪದ್ಧತಿ ಅಷ್ಟರಮಟ್ಟಿಗೆ ಹೋಯಿತು. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಸಿಎಪಿ ಪರೀಕ್ಷೆಯೂ ಆರಂಭವಾಗಿದೆ. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ನಾವು ಕೊಳ್ಳುತ್ತಿರುವ ಇದೇ ಮಾದರಿಗೆ, ಇದೇ ತಲೆಮಾರಿಗೆ ಎಷ್ಟು ನಕ್ಷತ್ರ? ಹಳೆಯ ತಲೆಮಾರಿನ ಅಂಕ ಹೊಸದಕ್ಕೆ ಸಲ್ಲದು, ಹೊಸದರ ಅಂಕ ಹಳೆಯದಕ್ಕೆ ಸಲ್ಲದು. ಹಳೆಯ ಕಾರನ್ನು ಎರಡನೆಯ ಕೈಯಿಂದ ಕೊಳ್ಳುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. 2019ರ ಸೆಲ್ಟೋಸ್ ಮತ್ತು 2023ರ ಸೆಲ್ಟೋಸ್‌ಗಳಿಗೆ ಹೆಸರೊಂದೇ, ಒಳಗಿನ ರಕ್ಷಣೆ ಒಂದೇ ಅಲ್ಲ.

ಬೆಲ್ಟು, ಚೀಲ ಮತ್ತು ನ್ಯೂಟನ್

ಈಗ ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಈ ವೇಗದಲ್ಲಿ ಹೋಗುವ ಕಾರು ಗೋಡೆಗೆ ಬಡಿದರೆ ಆಗುವ ಪೆಟ್ಟು, ಅದೇ ಕಾರು 25 ಮೀಟರ್ ಎತ್ತರದಿಂದ, ಅಂದರೆ ಎಂಟು ಅಂತಸ್ತಿನ ಮೇಲಿಂದ, ನೆಲಕ್ಕೆ ಬಿದ್ದಷ್ಟೇ. ವೇಗವನ್ನು ವರ್ಗ ಮಾಡಿ, ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಈ ಎತ್ತರ ಬರುತ್ತದೆ. ನೀವೇ ಮಾಡಿ ನೋಡಿ. 40 ಕಿಲೋಮೀಟರ್ ವೇಗಕ್ಕೆ ಎಷ್ಟು ಬರುತ್ತದೆ? ಅರ್ಧವಲ್ಲ, ಕಾಲು ಭಾಗ. ವೇಗ ಇಮ್ಮಡಿಯಾದರೆ ಅಪಾಯ ನಾಲ್ಮಡಿಯಾಗುತ್ತದೆ.

ಕಾರು ನಿಂತರೂ ಒಳಗಿರುವವರು ನಿಲ್ಲುವುದಿಲ್ಲ. ಇದು ಜಡತ್ವದ ನಿಯಮ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನಿ. 60 ಕಿಲೋ ತೂಕದ ವ್ಯಕ್ತಿಯನ್ನು ಅಷ್ಟೇ ಹೊತ್ತಿನಲ್ಲಿ ತಡೆದು ನಿಲ್ಲಿಸಲು ಬೇಕಾಗುವ ಬಲ ಸುಮಾರು 10,000 ನ್ಯೂಟನ್, ಅಂದರೆ ಒಂದು ಟನ್ನಿನ ಭಾರಕ್ಕೆ ಸಮ. ಮುಂದಿನ ಸೀಟನ್ನು ಕೈಯಲ್ಲಿ ಹಿಡಿದುಕೊಂಡರೆ ಸಾಕು ಎನ್ನುವವರು ಒಂದು ಟನ್ನನ್ನು ಕೈಯಲ್ಲಿ ತಡೆಯಬಲ್ಲರೇ? ಮಗುವನ್ನು ಮಡಿಲಲ್ಲಿ ಹಿಡಿದ ತಾಯಿ ತಡೆಯಬಲ್ಲಳೇ? ಬೆಲ್ಟು ಆ ಬಲವನ್ನು ಎದೆಗೂಡಿನ ಮತ್ತು ಸೊಂಟದ ಎಲುಬುಗಳ ಮೇಲೆ ಹಂಚುತ್ತದೆ. ಗಾಳಿಚೀಲ ತಲೆಗೂ ಚಕ್ರಕ್ಕೂ ನಡುವೆ ಬಂದು ನಿಲ್ಲುತ್ತದೆ. ಬೆಲ್ಟಿಲ್ಲದೆ ಕುಳಿತವನಿಗೆ ಗಾಳಿಚೀಲವೇ ಪೆಟ್ಟು ಕೊಡಬಹುದು. ಅದು ಬೆಲ್ಟಿನ ಜೊತೆಗಾರ, ಬದಲಿ ಅಲ್ಲ.

ಹಿಂದಿನ ಸೀಟಿನಲ್ಲಿ ಬೆಲ್ಟು ಬೇಡ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮದ ಪ್ರಕಾರ ಮುಂದೆ ಮುಖಮಾಡಿದ ಹಿಂದಿನ ಸೀಟಿನವರೂ ಬೆಲ್ಟು ಹಾಕಬೇಕು. ಹಾಕದಿದ್ದರೆ 1,000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ. ಹಿಂದೆ ಕುಳಿತವನು ಬೆಲ್ಟಿಲ್ಲದೆ ಮುಂದಕ್ಕೆ ಚಿಮ್ಮಿದರೆ, ಮುಂದೆ ಕುಳಿತ ತನ್ನ ತಂದೆಯನ್ನೇ ಅಪ್ಪಳಿಸುತ್ತಾನೆ.

ಕಣ್ಣುಳ್ಳ ಕಾರು ಮತ್ತು ಕುರಿಯ ಹಿಂಡು

ಈಚಿನ ಪುಸ್ತಿಕೆಗಳಲ್ಲಿ ಅಡಾಸ್ ಎಂಬ ಮಾತು ದೊಡ್ಡ ಅಕ್ಷರಗಳಲ್ಲಿ ಕಾಣುತ್ತದೆ. ಚಾಲಕನಿಗೆ ನೆರವಾಗುವ ಮುಂದುವರಿದ ವ್ಯವಸ್ಥೆ ಎಂದು ಅದರ ಅರ್ಥ. ಮುಂಗಾಜಿನ ಹಿಂದೆ ಒಂದು ಕ್ಯಾಮೆರಾ, ಮುಂದಿನ ಬಂಪರಿನಲ್ಲಿ ಒಂದು ರಾಡಾರ್. ಮುಂದಿನ ವಾಹನ ತೀರ ಹತ್ತಿರವಾದರೆ ಎಚ್ಚರಿಸುತ್ತದೆ, ಬೇಕಾದರೆ ಬ್ರೇಕನ್ನೂ ಹಾಕುತ್ತದೆ. ರಸ್ತೆಯ ಬಿಳಿ ಗೆರೆಯನ್ನು ನೋಡಿ ಕಾರನ್ನು ಸಾಲಿನೊಳಗೆ ಇಡುತ್ತದೆ. ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸಿದ್ದಾರೆ. ಸೆಲ್ಟೋಸ್‌ನದು ಎರಡನೆಯ ಹಂತ. ಎರಡನೆಯ ಹಂತವೆಂದರೆ ಯಂತ್ರ ನೆರವಾಗುತ್ತದೆ, ಹೊಣೆ ಮಾತ್ರ ಪೂರ್ತಿಯಾಗಿ ಚಾಲಕನದೇ.

ಯಂತ್ರ ತಾನೇ ಎಲ್ಲವನ್ನೂ ಮಾಡಲಾರದೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನಿಮ್ಮ ತಾಲೂಕಿನಲ್ಲಿಯೇ ಇದೆ. ಚಳ್ಳಕೆರೆ ತಾಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2017ರ ಮೇ ತಿಂಗಳಲ್ಲಿ ಅದು ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ರಾಕೆಟ್ ವಿಮಾನದ ಮಾದರಿಯನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಇಲ್ಲಿಯೇ ಬಿಟ್ಟಿತು. ಒಳಗೆ ಯಾರೂ ಇರಲಿಲ್ಲ. ಅದು ತಾನೇ ದಾರಿ ಹುಡುಕಿಕೊಂಡು ಓಡುದಾರಿಯ ಮೇಲೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇನ್ನೂ ಕಠಿಣವಾದ ಪರೀಕ್ಷೆಗಳಲ್ಲಿಯೂ ಗೆದ್ದಿತು. ಕೊನೆಯ ಸಲ ಅದು ನೆಲ ಮುಟ್ಟಿದಾಗಿನ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು.

ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಯಂತ್ರ ತಾನೇ ಇಳಿಯಬಹುದಾದರೆ 60ರ ವೇಗದಲ್ಲಿ ಕಾರು ತಾನೇ ಓಡಲಾರದೇಕೆ? ವ್ಯತ್ಯಾಸ ಯಂತ್ರದಲ್ಲಿಯಷ್ಟೇ ಅಲ್ಲ, ದಾರಿಯಲ್ಲಿಯೂ ಇದೆ. ಪರೀಕ್ಷಾ ವಲಯದ ಓಡುದಾರಿಗೆ ಬೇಲಿ ಇದೆ, ಕಾವಲಿದೆ. ಅಲ್ಲಿ ಎದುರಿಗೆ ಏನೂ ಬರುವುದಿಲ್ಲ ಎಂದು ಮೊದಲೇ ಖಚಿತಪಡಿಸಿಕೊಂಡಿರುತ್ತಾರೆ. ನಾಯಕನಹಟ್ಟಿಯ ರಸ್ತೆಗೆ ಬೇಲಿಯಿಲ್ಲ. ಸಂಜೆಯ ಹೊತ್ತು ಮುನ್ನೂರು ಕುರಿಗಳ ಹಿಂಡು ದೂಳೆಬ್ಬಿಸುತ್ತಾ ಅಡ್ಡ ಬರುತ್ತದೆ. ಕಡಲೆಕಾಯಿ ಬಳ್ಳಿ ಹೇರಿದ ಗಾಡಿ ಹಿಂದಿನ ದೀಪವಿಲ್ಲದೆ ಹೋಗುತ್ತಿರುತ್ತದೆ. ಕೆಲವರು ಡಾಂಬರಿನ ಮೇಲೆಯೇ ರಾಗಿ, ನವಣೆ ಒಣಹಾಕಿರುತ್ತಾರೆ. ಕಾರಿನ ಕ್ಯಾಮೆರಾ ಮುಖ್ಯವಾಗಿ ಗುರುತಿಸಲು ಕಲಿತಿರುವುದು ವಾಹನಗಳನ್ನು, ನಡೆಯುವ ಮನುಷ್ಯರನ್ನು, ಸೈಕಲ್ಲಿನವರನ್ನು. ದೂಳಿನ ನಡುವಿನ ಕುರಿಯನ್ನು ಅದು ಕಂಡೇ ಕಾಣುತ್ತದೆ ಎಂದು ನಂಬಿ ಕೂರುವಂತಿಲ್ಲ. ಬಿಳಿ ಗೆರೆಯಿಲ್ಲದ ಹಳ್ಳಿಯ ದಾರಿಯಲ್ಲಿ ಸಾಲು ಹಿಡಿಯುವ ವಿದ್ಯೆಯೂ ನಿಂತುಹೋಗುತ್ತದೆ.

ಇಲ್ಲಿಯೂ ಲೆಕ್ಕವೇ ನಮ್ಮನ್ನು ಕಾಯುವುದು. ಒಣ ಡಾಂಬರಿನ ಮೇಲೆ, ಘರ್ಷಣಾಂಕ 0.7 ಎಂದು ಇಟ್ಟುಕೊಂಡರೆ, 80ರ ವೇಗದ ಕಾರು ಬ್ರೇಕು ಒತ್ತಿದ ಮೇಲೆ ನಿಲ್ಲಲು ಸುಮಾರು 36 ಮೀಟರ್ ಬೇಕು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 22 ಮೀಟರ್ ಸಾಗಿರುತ್ತದೆ. ಒಟ್ಟು 58 ಮೀಟರ್. ಅದೇ 100ರ ವೇಗದಲ್ಲಿ 84 ಮೀಟರ್. ಕೈಯಲ್ಲಿ ಮೊಬೈಲು ಇದ್ದು ಗಮನ ಎರಡು ಸೆಕೆಂಡು ತಡವಾಯಿತೆನ್ನಿ. ಅದರ ಮೇಲೆ ಮತ್ತೆ 56 ಮೀಟರ್. ಕುರಿಗಾಹಿ ಹುಡುಗ ನಿಂತಿರುವುದು ಅಷ್ಟು ದೂರದಲ್ಲಿದ್ದರೆ ಸರಿ, ಇಲ್ಲದಿದ್ದರೆ?

ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅವನು ಆ ಬಂಡೆಗಳ ಮೇಲೆ ಬರೆಯಿಸಿದ ಉಪದೇಶಗಳಲ್ಲಿ ಜೀವಿಗಳ ಬಗೆಗಿನ ದಯೆಯೂ ಒಂದು. ಆ ಬಂಡೆಗಳ ನಾಡಿನಲ್ಲಿ ಕಾರು ಓಡಿಸುವವರಿಗೆ ಆ ಮಾತು ಇಂದಿಗೂ ಸಲ್ಲುತ್ತದೆ.

ಸಾಲದ ಲೆಕ್ಕ

ಪುಸ್ತಿಕೆಯ ಕೊನೆಯಲ್ಲಿ ಸಾಮಾನ್ಯವಾಗಿ ಕಾಣದ ಒಂದು ಸಂಗತಿಯಿದೆ. 10 ಲಕ್ಷ ರೂಪಾಯಿ ಸಾಲವನ್ನು ವರ್ಷಕ್ಕೆ ಶೇಕಡ 10ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 16,600 ರೂಪಾಯಿ. 84 ಕಂತುಗಳಿಗೆ ಒಟ್ಟು ಸುಮಾರು 13 ಲಕ್ಷ 94 ಸಾವಿರ. ಅಂದರೆ ಬಡ್ಡಿಯೇ ಹತ್ತಿರ ಹತ್ತಿರ ನಾಲ್ಕು ಲಕ್ಷ. ಇದರ ಮೇಲೆ ಜೀವಾವಧಿ ತೆರಿಗೆ, ವಿಮೆ, ಇಂಧನ, ಟೈರು. ಕಂತು ಪ್ರತಿ ತಿಂಗಳೂ ಬರುತ್ತದೆ, ಮಳೆ ಪ್ರತಿ ವರ್ಷ ಬರುವುದಿಲ್ಲ. ಸಂಬಳದ ಮನೆಗೂ ಬೆಳೆಯ ಮನೆಗೂ ಇರುವ ಈ ಅಂತರವನ್ನು ಮಾರಾಟಗಾರ ಹೇಳುವುದಿಲ್ಲ. ಲೆಕ್ಕ ಕಲಿತ ನೀವು ಹೇಳಬೇಕು.

ಹಾಗಿದ್ದರೆ ಹೇಗೆ ಓದಬೇಕು?

ಮುಂದಿನ ಸಲ ಇಂತಹ ಪುಸ್ತಿಕೆ ನಿಮ್ಮ ಕೈಗೆ ಬಂದರೆ ಅದನ್ನು ಹಿಂದಿನಿಂದ ಓದಲು ಆರಂಭಿಸಿ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಪಟ್ಟಿಯಿರುತ್ತದೆ. ಯಾವ ಮಾದರಿಗೆ ಯಾವುದು ಇದೆ, ಯಾವುದು ಇಲ್ಲ ಎಂಬುದು ಅಲ್ಲಿ ತಿಳಿಯುತ್ತದೆ. ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆಯಿರಿ. ಮೊದಲನೆಯದರಲ್ಲಿ ಪ್ರಾಣ ಉಳಿಸುವವು: ನಕ್ಷತ್ರ, ಗಾಳಿಚೀಲ, ಐವರಿಗೂ ಬೆಲ್ಟು, ಸ್ಥಿರತಾ ನಿಯಂತ್ರಣ, ಒಳ್ಳೆಯ ಬ್ರೇಕು. ಎರಡನೆಯದರಲ್ಲಿ ಹಣ ಉಳಿಸುವವು: ಮೈಲೇಜು, ಸರ್ವೀಸಿನ ಖರ್ಚು, ರಿಪೇರಿ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದು. ಮೈಲೇಜಿನ ಅಂಕಿ ಪರೀಕ್ಷಾಲಯದಲ್ಲಿ ಅಳೆದದ್ದು, ರಸ್ತೆಯ ಮೇಲೆ ಅದಕ್ಕಿಂತ ಕಡಿಮೆ ಬರುವುದು ಸಹಜ ಎಂದು ಪಕ್ಕದಲ್ಲಿ ಬರೆಯಿರಿ. ಮೂರನೆಯದರಲ್ಲಿ ಮನಸ್ಸಿಗೆ ಹಿತ ಕೊಡುವವು: ಗಾಜಿನ ಚಾವಣಿ, ಬಣ್ಣದ ದೀಪ, ದೊಡ್ಡ ಪರದೆ. ಮೂರನೆಯದನ್ನು ಬಯಸುವುದು ತಪ್ಪಲ್ಲ. ಆದರೆ ಮೂರನೆಯದಕ್ಕಾಗಿ ಮೊದಲನೆಯದನ್ನು ಬಿಟ್ಟುಕೊಡುವುದು ತಪ್ಪು.

ಆ ಹಾಳೆಯನ್ನು ಕನ್ನಡದಲ್ಲಿ ಬರೆದು ಮನೆಯವರ ಮುಂದೆ ಇಟ್ಟು ಓದಿ ಹೇಳಿ. ನಿರ್ಧಾರ ಹಿರಿಯರದು. ತಿಳಿದು ನಿರ್ಧರಿಸುವಂತೆ ಮಾಡುವುದು ನಿಮ್ಮ ಕೆಲಸ. ಕಾರು ಮನೆಗೆ ಬಂದ ದಿನ ಅದಕ್ಕೆ ನಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆದು ಪೂಜೆ ಮಾಡುತ್ತಾರೆ. ಪೂಜೆ ಮುಗಿದು ಎಲ್ಲರೂ ಹತ್ತಿ ಕುಳಿತ ಮೇಲೆ, ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಗೆ ಬೆಲ್ಟು ಹಾಕುವುದನ್ನು ನೀವೇ ಕಲಿಸಿಕೊಡಿ.